ಜಾಗ ನೋಡೋರು ಯಾರು?



ಕಳೆದ ಸಭೆಗೆ ಬಂದಿದ್ದ ಹಾಸ್ಟೆಲಿನ ಹುಡುಗರು ಒಂದು ಸುದ್ದಿ ತಂದರು. ಇಷ್ಟು ವರ್ಷ ಬಾಡಿಗೆ ಮನೆಯಲ್ಲಿದ್ದ ಅವರ ಹಾಸ್ಟೆಲಿಗೆ ಸ್ವಂತ ಕಟ್ಟಡ ಮಂಜೂರಾಗಿದೆ. ಆದರೆ ಗೊತ್ತು ಮಾಡಿರೋ ಜಾಗ ಊರಾಚೆ, ಕೆರೆ ಕೋಡಿಯ ಕೆಳಗೆ. ಮಳೆಗಾಲದಲ್ಲಿ ದಾರಿಯೇ ಮುಳುಗುತ್ತದೆ. ಕಾಲೇಜಿಗೆ ಒಂದು ಗಂಟೆ ನಡಿಗೆ. ತಕರಾರು ತೆಗೆದ ಹುಡುಗರಿಗೆ 'ಕೊಟ್ಟಿದ್ದೇ ಹೆಚ್ಚು, ಸುಮ್ನಿರಿ' ಅಂತ ಊರಿನ ದೊಡ್ಡವರು ಬುದ್ಧಿ ಹೇಳಿದರಂತೆ.

ಈ ಬುದ್ಧಿಮಾತು ನಮಗೆ ಹೊಸದಲ್ಲ. ಊರು ಕಟ್ಟುವಾಗಲೂ ಯಾರೋ ಜಾಗ ನೋಡಿದ್ದರು. ಎತ್ತರದಲ್ಲಿ ಊರು, ಊರ ಬಚ್ಚಲ ನೀರು ಬಂದು ನಿಲ್ಲೋ ತಗ್ಗಿನಲ್ಲಿ ನಮ್ಮ ಕೇರಿ. ಇದೇನು ತಾನಾಗಿ ಆದದ್ದೇ? ಬಾಬಾಸಾಹೇಬರು 1947ರಲ್ಲಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಬರೆದಾಗ, ಸಾಗುವಳಿಯಾಗದ ಸರ್ಕಾರಿ ಜಮೀನಿನಲ್ಲಿ ನಮ್ಮ ಜನಕ್ಕೆ ಪ್ರತ್ಯೇಕ ಹಳ್ಳಿಗಳನ್ನೇ ಕಟ್ಟಿಕೊಡಬೇಕೆಂದು ಕೇಳಿದರು. ಜಾತಿ ಮನಸ್ಸಿನಲ್ಲಿ ಮಾತ್ರ ಇಲ್ಲ, ನೆಲದ ಮೇಲೂ ಇದೆ ಅಂತ ಅವರಿಗೆ ಗೊತ್ತಿತ್ತು.

ಜಾಗದ ವಿದ್ಯೆ ನಮ್ಮವರಿಗೆ ಬರುತ್ತಿರಲಿಲ್ಲ ಅಂತೇನಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಎಲ್ಲೆಯ ಜಗಳ ಬಂದಾಗ ಗಡಿ ತೋರಿಸುತ್ತಿದ್ದವನು ನಮ್ಮ ಕುಳವಾಡಿ. ಎಷ್ಟೋ ಕೆರೆಗಳ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವನು ನಮ್ಮ ನೀರಗಂಟಿ. ಅಂಥವರಿಗೇ ಊರೊಳಗೆ ಜಾಗವಿರಲಿಲ್ಲ, ಊರ ಬಾವಿ ಮುಟ್ಟುವಂತಿರಲಿಲ್ಲ. ಈಗ ಆ ವಿದ್ಯೆ ಕಾಗದದೊಳಗೆ ಹೋಗಿ ಕೂತಿದೆ. ಅದನ್ನು ಓದುತ್ತಿರುವವರು ದಲ್ಲಾಳಿಗಳು, ಕಂಟ್ರಾಕ್ಟರುಗಳು. ಅಕ್ಷರ ಕಲಿತ ನಾವು ಯಾಕೆ ಓದಬಾರದು?

ಜಾಗ ನೋಡೋದು ಅಂದರೆ ವಾಸ್ತು ನೋಡೋದಲ್ಲ. ಮೊದಲು ನೀರಿನ ದಾರಿ ನೋಡಿ. ಗ್ರಾಮ ನಕ್ಷೆ ತೆಗೆಸಿದರೆ ಕೆರೆ, ಹಳ್ಳ, ದಾರಿಗಳು ಅದರಲ್ಲಿವೆ. ಹಳ್ಳ ಒಣಗಿದೆ ಅಂತ ನಂಬಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೋಟಿಗಟ್ಟಲೆ ಬೆಲೆಯ ಬಂಗಲೆಗಳಿಗೇ ನೀರು ನುಗ್ಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಬಂಗಲೆಯವರು ಹೋಟೆಲಿಗೆ ಹೋಗಬಹುದು. ಹಾಸ್ಟೆಲಿನ ಹುಡುಗ ಟ್ರಂಕು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ಆಮೇಲೆ ದಾರಿ ನೋಡಿ, ಬಸ್ಸು ನೋಡಿ. ಹುಡುಗಿಯರ ಹಾಸ್ಟೆಲಾದರೆ ಕತ್ತಲಾದ ಮೇಲೆ ಒಮ್ಮೆ ಆ ದಾರಿಯಲ್ಲಿ ನಡೆದು ನೋಡಿ. ಕೊನೆಗೆ ಪಹಣಿ ಓದಿ. ಅದರಲ್ಲಿ 'ಬಿ ಖರಾಬು' ಅಂತ ಇದ್ದರೆ ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ.

ಪಹಣಿ ಓದಲು ಕಲಿತವರು ಹಾಸ್ಟೆಲಿನ ಜಾಗಕ್ಕೇ ನಿಲ್ಲಬೇಡಿ. ನಿಮ್ಮ ಅಪ್ಪಂದಿರ ದರಖಾಸ್ತು ಜಮೀನಿನ ಕಾಗದವನ್ನೂ ತೆಗೆಯಿರಿ. ಹೆದ್ದಾರಿ ಬರುತ್ತೆ, ಬಡಾವಣೆ ಏಳುತ್ತೆ ಅಂತ ಲೆಕ್ಕ ಹಾಕಿದ ದಲ್ಲಾಳಿ ಹಟ್ಟಿಗೆ ಬಂದು, ಮಗಳ ಮದುವೆ ಸಾಲಕ್ಕೆ ಸಿಕ್ಕಿಕೊಂಡವರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾನೆ. 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಕೊಂಡಿದ್ದರೆ ಅದು ಅಸಿಂಧು. ಬಿಡಿಸಿಕೊಳ್ಳಲು ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬೇಕು. 'ತಡವಾಗಿ ಬಂದಿರಿ' ಎಂದು 2017ರಿಂದ ಕೋರ್ಟುಗಳಲ್ಲಿ ಎಷ್ಟೋ ಅರ್ಜಿಗಳು ಬಿದ್ದುಹೋದವು. ಹೋರಾಟ ನಡೆದ ಮೇಲೆ, ಕಾಲಮಿತಿ ಇಲ್ಲ ಎಂಬ ತಿದ್ದುಪಡಿ 2023ರಲ್ಲಿ ಬಂತು. ಹಾಗಂತ ಕೈಕಟ್ಟಿ ಕೂರಬೇಡಿ. ಕಟ್ಟಡ ಎದ್ದ ಮೇಲೆ ನೆಲ ಕೇಳೋದು ಕಷ್ಟ.

ಈ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಗ್ರಾಮ ನಕ್ಷೆ ಹಿಡಿದು ಕೇರಿಯ ಹಿರಿಯರೊಬ್ಬರ ಜೊತೆ ಊರ ಸುತ್ತ ನಡೆಯಿರಿ. ಅವರು ಬಾಯಲ್ಲಿ ಹೇಳಲಿ, ನೀವು ಕಾಗದದಲ್ಲಿ ಹುಡುಕಿ. ಎರಡೂ ತಾಳೆಯಾಗದ ಕಡೆ ಗುರುತು ಹಾಕಿಕೊಂಡು ಬನ್ನಿ.

ಆ ಹಾಸ್ಟೆಲಿನ ಹುಡುಗರು ಈಗ ನಕ್ಷೆ ತೆಗೆಸಿದ್ದಾರೆ. ಕಾಲೇಜಿನ ಹತ್ತಿರವೇ ಇರುವ ಸರ್ಕಾರಿ ಜಾಗವೊಂದನ್ನು ಅವರೇ ಹುಡುಕಿ, ಸರ್ವೆ ನಂಬರು ಹಾಕಿ ಅರ್ಜಿ ಬರೆದಿದ್ದಾರೆ. ಕೊಟ್ಟ ಜಾಗದಲ್ಲಿ ಬಾಯಿ ಮುಚ್ಚಿಕೊಂಡು ಇದ್ದದ್ದು ಸಾಕು. ಅರ್ಜಿ ಕೊಡುವ ದಿನ ನಾವೂ ಅವರ ಜೊತೆ ಹೋಗುತ್ತೇವೆ. ನೀವೂ ಬನ್ನಿ.

ಜೈ ಭೀಮ್.