ಬದನಿಕೆ ಹಕ್ಕಿಯ ಲೆಕ್ಕ ತಪ್ಪಿದ್ದು ಎಲ್ಲಿ?

ಈ ವಾರದ ಬರಹ ಒಂದು ತಿದ್ದುಪಡಿಯಿಂದಲೇ ಶುರುವಾಗಬೇಕು. ಎರಡು ವರ್ಷದ ಹಿಂದೆ, ಇದೇ ಶಿವರಾತ್ರಿಯ ಹೊತ್ತಿಗೆ, ಇದೇ ಪುಟದಲ್ಲಿ ನಾನೊಂದು ಮಾತು ಬರೆದಿದ್ದೆ. ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಿಂದಲೂ ಕುಕ್ಕರಹಳ್ಳಿ ಕೆರೆಯ ದಂಡೆಯಿಂದಲೂ ಬದನಿಕೆ ಹಕ್ಕಿ ಕಾಣೆಯಾಗಿದೆ, ಮಕ್ಕಳೇ, ಇನ್ನು ಅದನ್ನು ಪುಸ್ತಕದಲ್ಲಿ ನೋಡಿಕೊಳ್ಳಬೇಕು ಅಂತ. ಜೊತೆಗೆ ಒಂದಷ್ಟು ಬೈಗುಳವನ್ನೂ ಸೇರಿಸಿದ್ದೆ, ಕಾಂಕ್ರೀಟಿಗೆ, ಮೊಬೈಲ್ ಟವರಿಗೆ, ಒಟ್ಟಾರೆ ಈಗಿನ ಕಾಲಕ್ಕೆ. ಅದು ತಪ್ಪು. ಹಕ್ಕಿ ಎಲ್ಲಿಗೂ ಹೋಗಿಲ್ಲ.

ನಿವೃತ್ತಿಯಾದ ಮಾರನೆಯ ತಿಂಗಳಿಂದ ನಾನು ಹಕ್ಕಿಗಳ ದಿನವಹಿ ಇಟ್ಟಿರುವುದು ಹಳೆಯ ಓದುಗರಿಗೆ ಗೊತ್ತು. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಲೆಡ್ಜರ್ ಬರೆದ ಕೈಗೆ ಸುಮ್ಮನೆ ಕೂತಿರಲು ಬರುವುದಿಲ್ಲ. ಉದ್ದನೆಯ ನೋಟುಬುಕ್ಕಿನಲ್ಲಿ ನಾಲ್ಕು ಕಾಲಂ: ತಾರೀಖು, ಜಾಗ, ಹಕ್ಕಿ, ಷರಾ. ಕಣ್ಣಿಗೆ ಕಂಡಿದ್ದರೆ ಷರಾದಲ್ಲಿ ‘ನೋ’, ಬರೀ ದನಿ ಕೇಳಿದ್ದರೆ ‘ಕೇ’. ಬದನಿಕೆ ಹಕ್ಕಿಯ ಮುಂದೆ ಮೊದಲ ವರ್ಷಗಳಲ್ಲಿ ದಿನವೂ ‘ಕೇ’, ‘ಕೇ’, ‘ಕೇ’. ಆಮೇಲೆ ವಾರಕ್ಕೆ ಒಂದೆರಡು. ಆಮೇಲೆ ತಿಂಗಳಿಗೊಂದು. ಕೊನೆಗೆ ಪುಟವೆಲ್ಲ ಖಾಲಿ. ಲೆಕ್ಕ ಕಣ್ಣಮುಂದೆಯೇ ಇತ್ತು, ನಾನು ಅದನ್ನು ನಂಬಿದೆ. ಬರೆದೆ.

ಆ ಬರಹ ಓದಿ ಒಬ್ಬ ಹುಡುಗ ಪತ್ರ ಹಾಕಿದ್ದ. ಐದನೇ ತರಗತಿ, ನಂಜನಗೂಡಿನ ಕಡೆಯ ಒಂದು ಹಳ್ಳಿಯವನು. “ತಾತ, ನಮ್ಮ ಸ್ಕೂಲಿನ ಗಸಗಸೆ ಹಣ್ಣಿನ ಮರಕ್ಕೆ ಈ ಹಕ್ಕಿ ದಿನಾ ಬರುತ್ತೆ. ಟಿಕ್ ಟಿಕ್ ಅಂತ ಕೂಗುತ್ತೆ” ಎಂದು ಬರೆದು, ಕೆಳಗೆ ಪೆನ್ಸಿಲಿನಲ್ಲಿ ಚಿತ್ರವನ್ನೂ ಬಿಡಿಸಿದ್ದ. ನಾನು ಬಹಳ ದೊಡ್ಡ ಮನುಷ್ಯನ ಹಾಗೆ ಕಾರ್ಡು ಬರೆದೆ: “ನೀನು ನೋಡಿದ್ದು ಹೆಣ್ಣು ಸೂರಕ್ಕಿ ಇರಬೇಕು ಮರಿ. ಕೊಕ್ಕನ್ನು ಇನ್ನೊಂದು ಸಲ ಸರಿಯಾಗಿ ನೋಡು.” ಅವನು ಮತ್ತೆ ಪತ್ರ ಬರೆಯಲಿಲ್ಲ.

ಈ ಸಲ ಶಿವರಾತ್ರಿಯ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಒಂಬತ್ತು ವರ್ಷ. ಮನೆಯಲ್ಲಿ ಪುಟ್ಟಿ ಅನ್ನುತ್ತೇವೆ, ಇಲ್ಲಿಯೂ ಅಷ್ಟೇ ಸಾಕು. ಹಬ್ಬದ ಮಾರನೆಯ ಬೆಳಿಗ್ಗೆ ಆರೂವರೆಗೆ ಇಬ್ಬರೂ ಕುಕ್ಕರಹಳ್ಳಿ ಕೆರೆಗೆ ಹೊರಟೆವು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡುತ್ತದೆ ಎನ್ನುತ್ತಾರಲ್ಲ, ಆ ದಿನ ಇನ್ನೂ ಓಡಿರಲಿಲ್ಲ. ನನಗೆ ಮಫ್ಲರು, ಅವಳಿಗೆ ಅಜ್ಜಿಯ ಶಾಲು.

ಪಂಚಾಂಗದ ವಸಂತ ಯುಗಾದಿಗೆ ಬಂದರೆ ಹಕ್ಕಿಗಳ ವಸಂತ ಒಂದು ತಿಂಗಳು ಮೊದಲೇ ಬರುತ್ತದೆ. ಬೂರುಗದ ಮರದಲ್ಲಿ ಎಲೆ ಒಂದೂ ಇಲ್ಲ, ಅಂಗೈಯಗಲದ ಕೆಂಪು ಹೂವು ಮಾತ್ರ. ಅದರೊಳಗೆ ಮುಖ ಹುದುಗಿಸಿಕೊಂಡು ಮೈನಾ, ಕಾಗೆ, ಸೂರಕ್ಕಿ ಎಲ್ಲವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರುತ್ತವೆ. ಕೆರೆಯ ನಡುವಿನ ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು. ಕೊಕ್ಕಿನ ಕೆಳಗೆ ಚೀಲ ಹೊತ್ತ ಈ ದೊಡ್ಡ ಹಕ್ಕಿ ಕೊಂಬೆಯ ಮೇಲೆ ಇಳಿಯುವುದನ್ನು ಪುಟ್ಟಿ ಮೊದಲ ಸಲ ನೋಡಿದಳು. “ತಾತ, ಕೊಂಬೆ ಮುರಿಯಲ್ವಾ?” ಮುರಿಯಲಿಲ್ಲ, ಬಾಗಿತು. ಬಣ್ಣದ ಕೊಕ್ಕರೆಗಳ ಗುಲಾಬಿ ಗರಿಗಳನ್ನು ತೋರಿಸಿದೆ. ನೀರಿನಿಂದ ಬರೀ ಕತ್ತು ಹೊರಗೆ ಹಾಕಿ ಈಜುವ ಹಾವಕ್ಕಿಯನ್ನು ನಿಜವಾದ ಹಾವೆಂದೇ ಅವಳು ನನ್ನ ಕೈ ಹಿಡಿದಳು. ಬಂಡೆಯ ಮೇಲೆ ನೀರುಕಾಗೆ ರೆಕ್ಕೆ ಹರಡಿ ಬಟ್ಟೆ ಒಣಗಿಹಾಕಿದಂತೆ ನಿಂತಿತ್ತು.

ಈ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು, ಕುವೆಂಪು ಇದರ ದಂಡೆಯ ಮೇಲೆ ಓಡಾಡುತ್ತಿದ್ದರು ಎಂದೆಲ್ಲ ಹೇಳತೊಡಗಿದೆ. ಪುಟ್ಟಿ ತುಟಿಯ ಮೇಲೆ ಬೆರಳಿಟ್ಟಳು.

“ತಾತ, ಸುಮ್ನಿರಿ. ಮೇಲೆ ಯಾರೋ ಟಿಕ್ ಟಿಕ್ ಅಂತಿದಾರೆ.”

ನಾನು ಕಿವಿಗೊಟ್ಟೆ. ಕೆಂಬೂತ ದೂರದಲ್ಲಿ ಊಪ್ ಊಪ್ ಎನ್ನುತ್ತಿತ್ತು. ಕುಟ್ರುಹಕ್ಕಿ ಕುಟ್ರೂ ಕುಟ್ರೂ. ಕಂಚುಗಾರ ಹಕ್ಕಿ ತನ್ನ ಪಾತ್ರೆ ಬಡಿಯುವ ಕೆಲಸ ಶುರುಮಾಡಿತ್ತು. ಇವೆಲ್ಲ ಚೆನ್ನಾಗಿ ಕೇಳಿಸಿದವು. ಟಿಕ್ ಟಿಕ್ ಮಾತ್ರ ಇಲ್ಲ.

“ಏನೂ ಇಲ್ಲವಲ್ಲ ಪುಟ್ಟಿ.”

“ಅಯ್ಯೋ ತಾತ, ಇಷ್ಟು ಜೋರಾಗಿ ಕೂಗ್ತಿದೆ! ಅಗೋ, ಆ ಗಸಗಸೆ ಮರದ ತುದೀಲಿ.”

ಅವಳ ಬೆರಳಿನ ಜಾಡಿನಲ್ಲಿ ಬೈನಾಕ್ಯುಲರ್ ಎತ್ತಿದೆ. ಎಲೆಗಳ ನಡುವೆ ಬೂದುಹಸಿರಿನ ಒಂದು ಚೂರು ಕುಪ್ಪಳಿಸಿತು. ಮೋಟು ಕೊಕ್ಕು, ತೆಳು ಗುಲಾಬಿ ಬಣ್ಣದ್ದು. ಬದನಿಕೆ ಹಕ್ಕಿ. ಎರಡು ವರ್ಷದ ಹಿಂದೆ ನಾನು ಇಲ್ಲವೆಂದು ಬರೆದ ಹಕ್ಕಿ. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ತೆರೆಯುತ್ತಿತ್ತು. ದನಿ ಮಾತ್ರ ಇಲ್ಲ. ಸೌಂಡು ನಿಲ್ಲಿಸಿದ ಟಿವಿಯ ಹಾಗೆ.

ನಾನು ಬೈನಾಕ್ಯುಲರ್ ಇಳಿಸದೆ ಕೇಳಿದೆ, “ಈಗ ಕೂಗಿತಾ?” “ಹೂಂ.” “ಈಗ?” “ಇಲ್ಲ... ಈಗ ಕೂಗ್ತು.” ಅವಳು ಹೂಂ ಎಂದಾಗಲೆಲ್ಲ ಕೊಕ್ಕು ಆಡಿರುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಹತ್ತು ನಿಮಿಷ ಹೀಗೇ ಪರೀಕ್ಷೆ ಮಾಡಿದ ಮೇಲೆ ಕಲ್ಲುಬೆಂಚಿನ ಮೇಲೆ ಕೂತೆ. ಅವಳಿಗೆ ಏನಾಯಿತೆಂದು ಗೊತ್ತಾಗಲಿಲ್ಲ. ಚೀಲದಿಂದ ಚಕ್ಕುಲಿ ತೆಗೆದು ನನಗೊಂದು ಕೊಟ್ಟಳು.

ಈ ಹಕ್ಕಿಯ ವಿಷಯ ನಿಮಗೆ ಹೇಳಲೇಬೇಕು. ಉದ್ದ ಹೆಚ್ಚೆಂದರೆ 8 ಸೆಂಟಿಮೀಟರ್, ನಿಮ್ಮ ಬಳಪದ ಪೆಟ್ಟಿಗೆಯಲ್ಲಿ ಮಲಗಿಸಬಹುದು. ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಇದೂ ಒಂದು. ಬಣ್ಣವಿಲ್ಲ, ಬಿಂಕವಿಲ್ಲ. ಮಾವಿನ ಮರದ ಕೊಂಬೆಯ ಮೇಲೆ ಬೇರೆಯದೇ ಎಲೆಯ ಒಂದು ಪೊದೆ ಬೆಳೆದಿರುವುದನ್ನು ನೋಡಿದ್ದೀರಲ್ಲ, ಅದೇ ಬದನಿಕೆ. ಕೆಲವು ಕಡೆ ಬಂದಳಿಕೆ ಅನ್ನುತ್ತಾರೆ. ತನ್ನ ಬೇರನ್ನು ಮರದೊಳಗೇ ಇಳಿಸಿ ಅದರ ರಸ ಕುಡಿದು ಬದುಕುವ ಗಿಡ. ಅದರ ಹಣ್ಣು ಈ ಹಕ್ಕಿಗೆ ಪಂಚಪ್ರಾಣ. ಹಣ್ಣಿನೊಳಗಿನ ಬೀಜ ಮಾತ್ರ ಹಲಸಿನ ಮೇಣದಂತೆ ಅಂಟು. ಹಿಕ್ಕೆಯ ಜೊತೆ ಹೊರಬಂದರೂ ಬಾಲದ ಕೆಳಗೆ ಅಂಟಿಕೊಂಡೇ ಇರುತ್ತದೆ. ಹಕ್ಕಿ ಬೇಸರಪಟ್ಟು ಕೊಂಬೆಗೆ ಉಜ್ಜುತ್ತದೆ. ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ, ಹೊಸ ಬದನಿಕೆ ಸಿದ್ಧ. ಮಾವಿನ ತೋಟದವರಿಗೆ ಈ ವ್ಯವಹಾರ ಇಷ್ಟವಿಲ್ಲ, ಅದು ಬೇರೆ ಮಾತು. ಗಸಗಸೆ ಹಣ್ಣಿನ ಮರ ಎಲ್ಲಿದೆಯೋ ಅಲ್ಲಿ ಈ ಹಕ್ಕಿ ಇದ್ದೇ ಇರುತ್ತದೆ. ಈಗ ಗೂಡು ಕಟ್ಟುವ ಕಾಲ. ಮೆತ್ತನೆಯ ನಾರನ್ನು ಜೇಡರ ಬಲೆಯಿಂದ ಹೆಣೆದು ಪುಟ್ಟ ಚೀಲದಂತೆ ಎಲೆಗಳ ನಡುವೆ ತೂಗುಬಿಡುತ್ತದೆ. ಕಂಡರೆ ದೂರದಿಂದಲೇ ನೋಡಿ ಬಂದುಬಿಡಿ, ಮುಟ್ಟಬೇಡಿ, ಗೆಳೆಯರನ್ನೆಲ್ಲ ಗುಂಪುಕಟ್ಟಿ ಕರೆದೊಯ್ಯಬೇಡಿ.

ಇಷ್ಟು ಚಿಕ್ಕ ಹಕ್ಕಿಯನ್ನು ಮರದ ತುದಿಯಲ್ಲಿ ಕಣ್ಣಿನಿಂದ ಹುಡುಕುವುದು ಕಷ್ಟ. ಎಲ್ಲರೂ ಮೊದಲು ಕಿವಿಯಿಂದಲೇ ಹಿಡಿಯುವುದು. ನನ್ನ ದಿನವಹಿಯಲ್ಲಿ ಬರೀ ‘ಕೇ’ ಇದ್ದದ್ದು ಅದಕ್ಕೇ. ಆ ‘ಕೇ’ಗಳು ಮುಗಿದುಹೋದಾಗ ನನಗೆ ಅನುಮಾನ ಬಂದದ್ದು ಹಕ್ಕಿಯ ಮೇಲೆ.

ಕೆರೆಯ ಪಕ್ಕದಲ್ಲೇ, ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ವರ್ಷಗಟ್ಟಲೆ ಅದರ ಮುಂದೆ ವಾಕಿಂಗ್ ಹೋಗಿದ್ದರೂ ಒಳಗೆ ಹೋಗಬೇಕೆಂದು ಅನ್ನಿಸಿರಲಿಲ್ಲ. ಮುಂದಿನ ವಾರ ಹೋದೆ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಬಂದ ಗ್ರಾಫನ್ನು ನೋಡಿದರೆ ಎಡಗಡೆ ಸಮತಟ್ಟು ಮೈದಾನ, ಬಲಗಡೆ ಚಾಮುಂಡಿ ಬೆಟ್ಟದ ಇಳಿಜಾರು. ದಪ್ಪ ದನಿಗಳು ಚೆನ್ನಾಗಿ ಕೇಳುತ್ತವೆ, ಕೀಚು ದನಿಗಳು ಹೋಗಿವೆ.

ಕಾರಣ ಕೇಳಿ ನನಗೇ ಆಶ್ಚರ್ಯವಾಯಿತು. ನಮ್ಮ ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಸಾಲಾಗಿ ಕೂದಲಿನಂಥ ತುದಿಯುಳ್ಳ ಸೂಕ್ಷ್ಮ ಕೋಶಗಳು. ಬಾಗಿಲ ಬಳಿ ಇರುವ ಕೋಶಗಳು ಕೀಚು ದನಿಗಳನ್ನು ಹಿಡಿಯುತ್ತವೆ, ಸುರುಳಿಯ ಒಳತುದಿಯಲ್ಲಿರುವವು ದಪ್ಪ ದನಿಗಳನ್ನು. ವಯಸ್ಸಾದಂತೆ ಮೊದಲು ಸಾಯುವುದು ಬಾಗಿಲ ಬಳಿಯವು. ಮಕ್ಕಳ ಕಿವಿ ಸೆಕೆಂಡಿಗೆ 20,000 ಕಂಪನಗಳ ದನಿಯವರೆಗೂ ಹಿಡಿಯಬಲ್ಲದು. ನನ್ನಂಥವರದು ಅದರ ಅರ್ಧಕ್ಕೂ ಮುಂಚೆಯೇ ನಿಂತುಬಿಡುತ್ತದೆ. ಹೀಗೆ ಹೋದದ್ದು ನಮಗೆ ತಿಳಿಯುವುದೂ ಇಲ್ಲ, ಏಕೆಂದರೆ ಮಾತುಕತೆ ಹೆಚ್ಚುಕಡಿಮೆ ಕೇಳುತ್ತಲೇ ಇರುತ್ತದೆ. (ನಮ್ಮ ಮನೆಯವಳು ಇದನ್ನು ಒಪ್ಪುವುದಿಲ್ಲ. ಅವಳ ಮಾತು ನನಗೆ ಹತ್ತು ವರ್ಷದಿಂದ ಕೇಳುತ್ತಿಲ್ಲವಂತೆ.) ಮನುಷ್ಯರಿಗೆ ಸತ್ತ ಕೋಶ ಮತ್ತೆ ಬರುವುದಿಲ್ಲ. ಹಕ್ಕಿಗಳಿಗೆ ಬರುತ್ತದೆ! ಅವುಗಳ ಕಿವಿಯಲ್ಲಿ ಹಳೆಯ ಕೋಶ ಹಾಳಾದರೆ ಆ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಈ ಒಂದು ವಿಷಯದಲ್ಲಿ ನನಗೆ ಅವುಗಳ ಮೇಲೆ ಹೊಟ್ಟೆಕಿಚ್ಚು.

ನಿಜ ಹೇಳುತ್ತೇನೆ, ಅವತ್ತು ರಾತ್ರಿ ನನ್ನ ನಿದ್ದೆ ಕೆಡಿಸಿದ್ದು ಕಿವಿಯಲ್ಲ, ಆ ಹುಡುಗ. ಎದ್ದು ಓದುಗರ ಪತ್ರಗಳ ಕಟ್ಟು ಬಿಚ್ಚಿದೆ. ಪೆನ್ಸಿಲ್ ಚಿತ್ರ ಮಾಸಿದ್ದರೂ ಸ್ಪಷ್ಟವಾಗಿತ್ತು. ಸೂರಕ್ಕಿಗೆ ಉದ್ದನೆಯ ಬಾಗಿದ ಕೊಕ್ಕು. ಅವನು ಬರೆದದ್ದು ಮೋಟು ಕೊಕ್ಕು. ಪಕ್ಕದಲ್ಲಿ ಬಾಣದ ಗುರುತು ಹಾಕಿ “ಇದು ಚಿಕ್ಕದು” ಅಂತ ಬೇರೆ ಬರೆದಿದ್ದ. ಸರಿಯಾಗಿ ನೋಡು ಅಂತ ನಾನು ಅವನಿಗೆ ಹೇಳಿದ್ದೆ.

ಬ್ಯಾಂಕಿನಲ್ಲಿ ದಿನದ ಲೆಕ್ಕ ಕೂಡದಿದ್ದರೆ ನಾವು ಮೊದಲು ಮಾಡುತ್ತಿದ್ದ ಕೆಲಸವೊಂದಿತ್ತು. ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ಎಂದು ನೋಡುವುದು. ಆದರೆ ಯಾರೋ ಎರಡು ಅಂಕಿಗಳನ್ನು ಹಿಂದುಮುಂದು ಬರೆದಿರಬಹುದು, 63ರ ಜಾಗದಲ್ಲಿ 36 ಎಂದು. ಮಕ್ಕಳೇ, ಬೇಕಾದರೆ ಯಾವುದೇ ಎರಡಂಕಿಯ ಸಂಖ್ಯೆ ತಿರುಗಿಸಿ ಕಳೆದು ನೋಡಿ. ತಪ್ಪು ಗಿರಾಕಿಯದಲ್ಲ, ನಮ್ಮ ಕೈಯದು ಎಂದು ಅದರಿಂದ ತಿಳಿಯುತ್ತಿತ್ತು. ಹತ್ತು ಪೈಸೆ ವ್ಯತ್ಯಾಸಕ್ಕೆ ರಾತ್ರಿ ಒಂಬತ್ತರವರೆಗೆ ಕೂತು ಹುಡುಕಿದವನು ನಾನು. ಒಂದು ಇಡೀ ಹಕ್ಕಿ ಲೆಕ್ಕದಿಂದ ಹೋದಾಗ ನನ್ನ ಕಡೆಯ ಎಂಟ್ರಿಯನ್ನು ಒಮ್ಮೆಯೂ ಪರಿಶೀಲಿಸಲಿಲ್ಲ.

ಈಗ ಕಿವಿಗೆ ಯಂತ್ರ ಬಂದಿದೆ. ಅಭ್ಯಾಸವಾಗಲು ಸಮಯ ಬೇಕಂತೆ. ಮೊನ್ನೆ ಬೆಳಿಗ್ಗೆ ಹಿತ್ತಲಲ್ಲಿ ಟಿಕ್ ಎಂದದ್ದು ಕೇಳಿ ಓಡಿ ಹೋದೆ, ಅಡುಗೆಮನೆಯ ಗ್ಯಾಸ್ ಲೈಟರು. ಆದರೂ ಬಿಟ್ಟಿಲ್ಲ. ಪಾರ್ಕಿಗೆ ಈಗ ಪಕ್ಕದ ಮನೆಯ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ. ಅವರು ದನಿ ಹಿಡಿದು ಮರ ತೋರಿಸುತ್ತಾರೆ, ನಾನು ಹೆಸರು ಹೇಳುತ್ತೇನೆ. ಷರಾ ಕಾಲಮ್ಮಿನಲ್ಲಿ ಹೊಸ ಗುರುತು ಬಂದಿದೆ, ‘ಮ.ಕೇ’, ಅಂದರೆ ಮಕ್ಕಳು ಕೇಳಿದ್ದು.

ಅಜ್ಜ ಅಜ್ಜಿಯರೇ, ಯುಗಾದಿಗೆ ಇನ್ನೂ ಸ್ವಲ್ಪ ದಿನ ಇದೆ. ಒಂದು ಬೆಳಿಗ್ಗೆ ಮೊಮ್ಮಕ್ಕಳ ಜೊತೆ ಹತ್ತಿರದ ಪಾರ್ಕಿನಲ್ಲೋ ಕೆರೆ ಏರಿಯ ಮೇಲೋ ಕಾಲು ಗಂಟೆ ಸುಮ್ಮನೆ ಕೂತು, ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಕೇಳಿದ ದನಿಗಳಿಗೆಲ್ಲ ಒಂದೊಂದು ಗೆರೆ ಎಳೆಯಿರಿ. ಆಮೇಲೆ ಚೀಟಿ ಹೋಲಿಸಿ. ತಡಮಾಡಬೇಡಿ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲ ಕಳೆಯಲು ಮಂಗೋಲಿಯಾದ ಕಡೆಯಿಂದ ಬಂದ ಪಟ್ಟೆತಲೆ ಹೆಬ್ಬಾತುಗಳು ಈ ದಿನಗಳಲ್ಲೇ ಹೊರಡುತ್ತವೆ. ಹಿಮಾಲಯ ದಾಟಬೇಕಲ್ಲ. ಅವುಗಳ ದನಿ ದಪ್ಪ, ನಮಗೂ ಕೇಳುತ್ತದೆ.

ಆ ಹುಡುಗನ ಹಳೆಯ ವಿಳಾಸಕ್ಕೆ ಪತ್ರ ಹಾಕಿದ್ದೇನೆ. ಈಗ ಏಳನೆಯ ತರಗತಿ ಇರಬೇಕು, ಶಾಲೆ ಬದಲಾಗಿದ್ದರೂ ಇರಬಹುದು. ಪತ್ರ ಸಿಗದಿದ್ದರೆ ಈ ಪುಟವಾದರೂ ಅವನ ಕಣ್ಣಿಗೆ ಬೀಳಲಿ. ಮರಿ, ನೀನು ಸರಿ. ನಾನು ತಪ್ಪು. ನಿಮ್ಮ ಗಸಗಸೆ ಮರದಲ್ಲಿ ಈ ವರ್ಷ ಗೂಡು ಕಟ್ಟಿದೆಯೇ, ಬರೆದು ತಿಳಿಸು.

ಲೆಡ್ಜರಿನಲ್ಲಿ ತಪ್ಪು ಎಂಟ್ರಿಯನ್ನು ಅಳಿಸುವಂತಿಲ್ಲ, ಕಾಗದ ಹರಿಯುವಂತಿಲ್ಲ. ಮೇಲೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಇನಿಷಿಯಲ್ ಹಾಕಬೇಕು. ದಿನವಹಿಯಲ್ಲಿ “ಬದನಿಕೆ ಹಕ್ಕಿ: ಇಲ್ಲ” ಎಂಬ ಸಾಲುಗಳ ಮೇಲೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದು “ಕೇಳಿಸಿಲ್ಲ” ಎಂದು ಬರೆದೆ. ಪುಟ್ಟಿ ಊರಿಗೆ ಹೊರಡುವ ಮುಂಚೆ ಪುಸ್ತಕ ಅವಳ ಮುಂದಿಟ್ಟು, ತಿದ್ದುಪಡಿಯನ್ನು ಇನ್ನೊಬ್ಬರು ನೋಡಿ ಸಹಿ ಹಾಕುವುದು ಬ್ಯಾಂಕಿನ ಪದ್ಧತಿ ಎಂದೆ. ಅವಳು ಪ್ರತಿಯೊಂದು ಸಾಲನ್ನೂ ಓದಿ, ನೇರಳೆ ಸ್ಕೆಚ್ ಪೆನ್ನಿನಲ್ಲಿ ತನ್ನ ಹೆಸರು ಪೂರ್ತಿ ಬರೆದಳು. ಇನಿಷಿಯಲ್ ಸಾಕಾಗಿತ್ತು.