ಕಂಟೇನರ್ ಒಳಗೆ ಕೈ ಹಾಕಿ ರಿಪೇರಿ ಮಾಡೋದು ಬಿಡಿ

ಹೋದ ತಿಂಗಳು ನಮ್ಮ ಮಾರುಕಟ್ಟೆ ದರದ ಚಿತ್ರದಲ್ಲಿ ಅಕ್ಷರಗಳ ಬದಲು ಬರೀ ಚೌಕಗಳು ಬಂದದ್ದು ನಿಮಗೆ ನೆನಪಿರಬಹುದು. ಟೊಮೆಟೊ ಯಾವುದು, ಹುರುಳಿಕಾಯಿ ಯಾವುದು ಗೊತ್ತಾಗದೆ ಫೋನ್ ಮಾಡಿ ಬೈದವರೂ ಇದ್ದೀರಿ. ಬೈದದ್ದು ಸರಿ. ಫಾಂಟ್ ಇರಲಿಲ್ಲ ಅನ್ನೋದು ನೆಪ, ಕೆಟ್ಟದ್ದು ನಮ್ಮ ಅಭ್ಯಾಸ.

ಆ ಚಿತ್ರ ತಯಾರಿಸುವ ಪ್ರೋಗ್ರಾಮ್ ಸರ್ವರಿನಲ್ಲಿ ಡಾಕರ್ ಕಂಟೇನರ್ ಒಳಗೆ ಓಡುತ್ತದೆ. ಇಮೇಜ್ ಅಂದರೆ ಬೆಲ್ಲದ ಅಚ್ಚು, ಕಂಟೇನರ್ ಅಂದರೆ ಅದರಿಂದ ಬಿದ್ದ ಬೆಲ್ಲ ಅಂದುಕೊಳ್ಳಿ. ಓಡುತ್ತಿರುವ ಕಂಟೇನರಿಗೆ ಕಮಾಂಡ್ ಕೊಡಲು 'ಡಾಕರ್ ಎಕ್ಸೆಕ್' ಇದೆ. 2014ರಲ್ಲಿ ಡಾಕರ್ 1.3ರ ಜೊತೆ ಬಂದದ್ದು. ಅದರ ಮುಂದೆ 'ಮೈನಸ್ ಐಟಿ', ಕಂಟೇನರ್ ಹೆಸರು, ಕೊನೆಗೆ 'ಬ್ಯಾಷ್' ಅಂತ ಟೈಪ್ ಮಾಡಿದರೆ ಒಳಗಿನ ಶೆಲ್ ನಿಮ್ಮ ಕೈಗೆ. ಐ ಅಂದರೆ ಟೈಪ್ ಮಾಡಿದ್ದು ಒಳಗೆ ಹೋಗುವ ದಾರಿ ತೆರೆದಿಡು, ಟಿ ಅಂದರೆ ಟರ್ಮಿನಲ್ ಕೊಡು. ಆಲ್ಪೈನ್ ಇಮೇಜಿನಲ್ಲಿ ಸಾಮಾನ್ಯವಾಗಿ ಬ್ಯಾಷ್ ಇರೋದಿಲ್ಲ, 'ಎಸ್‌ಎಚ್' ಹಾಕಬೇಕು. ಫೋನಿನಲ್ಲಿ ಟರ್ಮಕ್ಸ್ ಇದ್ದರೆ ಅಲ್ಲಿಂದಲೇ ಸರ್ವರಿಗೆ ಲಾಗಿನ್ ಆಗಿ ಇದನ್ನೆಲ್ಲ ಮಾಡಬಹುದು. ನಮ್ಮ ಗೆಳೆಯ ಬಸ್ಸಿನಲ್ಲಿ ಕೂತು ಹೀಗೇ ಕನ್ನಡ ಫಾಂಟ್ ಹಾಕಿದ್ದ. ಗ್ರೂಪಲ್ಲಿ ಎಲ್ಲರೂ ಚಪ್ಪಾಳೆ ಇಮೋಜಿ ಒತ್ತಿದೆವು. ನಾನೂ ಒತ್ತಿದ್ದೆ.

ಹಾಗೆ ಒಳಗೆ ಮಾಡಿದ ಬದಲಾವಣೆ ಆ ಒಂದು ಕಂಟೇನರಿನ ಮೇಲ್ಪದರದಲ್ಲಿ ಮಾತ್ರ ಕೂತಿರುತ್ತದೆ. ರೀಸ್ಟಾರ್ಟ್ ಮಾಡಿದರೂ ಹೋಗುವುದಿಲ್ಲ. ಮೋಸ ಇರೋದೇ ಅಲ್ಲಿ, ರಿಪೇರಿ ಗಟ್ಟಿಯಾಗಿದೆ ಅನಿಸಿಬಿಡುತ್ತದೆ. ಹೊಸ ವರ್ಷನ್ ಹಾಕುವಾಗ ಹಳೇ ಕಂಟೇನರ್ ತೆಗೆದೆಸೆದು ಅಚ್ಚಿನಿಂದ ಹೊಸದು ಎಬ್ಬಿಸುತ್ತೇವೆ. ವಾಲ್ಯೂಮಿನಲ್ಲಿ ಇಟ್ಟದ್ದು ಬಿಟ್ಟರೆ ಮಿಕ್ಕಿದ್ದೆಲ್ಲ ಹೋಯಿತು, ಫಾಂಟೂ ಹೋಯಿತು. ಅಷ್ಟರಲ್ಲಿ ಗೆಳೆಯ ಕೆಲಸ ಸಿಕ್ಕಿ ಬೆಂಗಳೂರು ಸೇರಿದ್ದ. ಅವತ್ತು ಏನು ಟೈಪ್ ಮಾಡಿದ್ದೆ ಅಂತ ಅವನಿಗೇ ನೆನಪಿಲ್ಲ.

ಬೆಲ್ಲ ಸೊಟ್ಟಗೆ ಬಂದರೆ ಅಚ್ಚು ಸರಿ ಮಾಡಬೇಕು ಅಂತ ಆಲೆಮನೆಯ ಹುಡುಗನಿಗೂ ಗೊತ್ತು. 'ಒಳಗೆ ಹೋಗಿ ಸರಿ ಮಾಡಿ' ಅನ್ನೋದನ್ನೇ ಮೊದಲ ಪಾಠ ಮಾಡುವ ವಿಡಿಯೋ ಮೇಷ್ಟ್ರುಗಳಿಗೆ ಮಾತ್ರ ಗೊತ್ತಿಲ್ಲ. ಚಿಕ್ಕ ತಂಡ, ಟೈಮಿಲ್ಲ ಅಂತೀರಾ? ಡಾಕರ್‌ಫೈಲಿನಲ್ಲಿ ಫಾಂಟ್ ಸೇರಿಸೋಕೆ ಒಂದು ಸಾಲು ಸಾಕು. ನಾಲ್ಕು ಜನರ ತಂಡದಲ್ಲಿ ಒಬ್ಬ ಹೋದರೆ ಕಾಲು ಭಾಗ ನೆನಪೇ ಹೋದಂತೆ; ಬರೆದಿಡುವ ಗರಜು ನಮಗೇ ಜಾಸ್ತಿ.

ಎಕ್ಸೆಕ್ ಬಳಸಲೇಬೇಡಿ ಅಂತ ಹೇಳುತ್ತಿಲ್ಲ. ಸೆಟ್ಟಿಂಗ್ ಫೈಲ್ ಓದೋಕೆ, ಡೇಟಾಬೇಸ್ ಬ್ಯಾಕಪ್ ತೆಗೆಯೋಕೆ ಬಹಳ ಚೆನ್ನಾಗಿದೆ. ಕಂಟೇನರ್ ನಿಂತುಹೋಗಿದ್ದರೆ ಅದು ನಡೆಯುವುದಿಲ್ಲ, 'ಡಾಕರ್ ಲಾಗ್ಸ್' ನೋಡಬೇಕು. ತುರ್ತಿಗೆ ಒಳಗೆ ಏನಾದರೂ ಬದಲಿಸಿದಿರಾ, ಅವತ್ತೇ ಡಾಕರ್‌ಫೈಲಿಗೂ ಏರಿಸಿ.

ಇಮೇಜಿನಲ್ಲಿ ಇಲ್ಲದ ಯಾವ ಫೈಲು ಸೇರಿದೆ, ಯಾವುದು ಬದಲಾಗಿದೆ ಅಂತ 'ಡಾಕರ್ ಡಿಫ್' ಪಟ್ಟಿ ಕೊಡುತ್ತದೆ. ಕಳೆದ ವಾರ ನಮ್ಮ ಇನ್ನೊಂದು ಕಂಟೇನರಿಗೆ ಅದನ್ನು ಓಡಿಸಿದೆವು. ಎರಡು ಸ್ಕ್ರೀನ್ ತುಂಬಿತು. ಇದೆಲ್ಲ ಯಾರು ಮುಟ್ಟಿದ್ದು ಅಂತ ಗ್ರೂಪಲ್ಲಿ ಕೇಳಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.