‘ಪಾಪ’ ಎಂದರೆ ಸಾಕೆ?

ನಾಗರಬಾವಿಯ ನಮ್ಮ ಮಹಿಳಾ ಸಮಾಜದಲ್ಲಿ ತಿಂಗಳಿಗೊಂದು ಪುಸ್ತಕ ಓದಿ ಮಾತಾಡುವ ಪದ್ಧತಿಯಿದೆ. ಒಮ್ಮೆ ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದೆವು. ನಮ್ಮ ಪಕ್ಕದ ಜ್ಞಾನಭಾರತಿಯಲ್ಲೇ ಕನ್ನಡ ಕಲಿಸಿದವರು ಅವರು. “ಪುಸ್ತಕವೇನೋ ಚೆನ್ನಾಗಿದೆ, ನಗು ಬರುತ್ತೆ. ಆದರೆ ಅಷ್ಟೆಲ್ಲ ಅನುಭವಿಸಿದವರಿಗೆ ಸಿಟ್ಟೇ ಇಲ್ಲವಲ್ಲ?” ಎಂದರು ಒಬ್ಬರು. ಇನ್ನೊಬ್ಬರು “ಪಾಪ” ಎಂದು ನಿಟ್ಟುಸಿರಿಟ್ಟರು. ಅಷ್ಟರಲ್ಲಿ ಕಾಫಿ ಬಂತು, ಮಾತು ಸೀರೆಯ ಕಡೆ ಹೊರಳಿತು.

ಸಿಟ್ಟಿಲ್ಲವೆ? ಆ ಪುಸ್ತಕದ ಆರಂಭವನ್ನು ನೆನೆಯಿರಿ. ಇಲ್ಲಿಂದ ದೂರವೇನಲ್ಲದ ಮಾಗಡಿ ತಾಲ್ಲೂಕಿನ ಮಂಚನಬೆಲೆ. ಹೊಲದಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು, ಅವರ ಹೆಗಲ ಮೇಲೆ ನೊಗ. ಹಿಂದೆ ಮತ್ತೊಬ್ಬ ಉಳುತ್ತಿದ್ದಾನೆ. ನೋಡುತ್ತ ನಿಂತ ಹುಡುಗನಿಗೆ ಆ ಇಬ್ಬರಲ್ಲಿ ಒಬ್ಬ ಹೆತ್ತ ಅಪ್ಪ. 1954ರಲ್ಲಿ ಹುಟ್ಟಿದವರ ಬಾಲ್ಯದ ನೋಟವಿದು, ಪುರಾಣಕಾಲದ್ದಲ್ಲ. ಅಲ್ಲಿ ಲೇಖಕರು ಕೂಗಾಡುವುದಿಲ್ಲ. ಕೂಗಾಡಿದ್ದರೆ ನಮಗೇ ಸುಲಭವಿತ್ತು. “ಇವರಿಗೆ ಎಲ್ಲದಕ್ಕೂ ಕೋಪ” ಎಂದು ಪುಸ್ತಕ ಮುಚ್ಚಿಬಿಡಬಹುದಿತ್ತು. ಸಿಟ್ಟಾಗುವ ಕೆಲಸವನ್ನು ಅವರು ನಮಗೆ ಬಿಟ್ಟಿದ್ದಾರೆ. ನಾವು ಅದನ್ನು ಮಾಡದೆ, ಅವರಿಗೆ ಸಿಟ್ಟಿಲ್ಲ ಎಂದು ದೂರುತ್ತೇವೆ!

ಅಮೆರಿಕದಲ್ಲಿ ಗುಲಾಮಗಿರಿಯಿಂದ ಪಾರಾದವರೂ ಆತ್ಮಕಥೆ ಬರೆದರು. ಓದುವವರ ಮನಸ್ಸು ತಿರುಗಬೇಕೆಂದೇ ಬರೆದರು. 1845ರ ತಮ್ಮ ಕಥನದಲ್ಲಿ ಫ್ರೆಡರಿಕ್ ಡಗ್ಲಾಸ್ ಒಬ್ಬ ಯಜಮಾನಿಯ ವಿಷಯ ಹೇಳುತ್ತಾರೆ. ಮೊದಮೊದಲು ಆಕೆ ಅವರಿಗೆ ಅಕ್ಷರ ಕಲಿಸಿದಳು. ಗಂಡ ಗದರಿದ ಮೇಲೆ, ಕೈಯಲ್ಲಿದ್ದ ಪತ್ರಿಕೆಯನ್ನೂ ಕಿತ್ತುಕೊಳ್ಳುವಂಥವಳಾದಳು. ಒಳ್ಳೆಯ ಹೆಂಗಸನ್ನೂ ಆ ಪದ್ಧತಿ ಕೆಡಿಸುತ್ತದೆ ಎಂಬುದು ಅವರ ವಾದ. ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಬೇರೆ ಹೆಸರಿಟ್ಟುಕೊಂಡು ತನ್ನ ಕಥೆ ಪ್ರಕಟಿಸಿದರು. ಅಜ್ಜಿಯ ಮನೆಯ ಸೂರಿನಡಿ, ನೆಟ್ಟಗೆ ನಿಲ್ಲಲೂ ಆಗದ ಇಕ್ಕಟ್ಟಿನಲ್ಲಿ ಸುಮಾರು ಏಳು ವರ್ಷ ಅಡಗಿದ್ದವರು ಅವರು. ಅವರು ಬರೆದದ್ದು ಉತ್ತರದ ರಾಜ್ಯಗಳ ಹೆಂಗಸರಿಗೆ. ನನಗಾಗಿ ಮರುಗಬೇಡಿ, ಇನ್ನೂ ಬಂಧನದಲ್ಲಿರುವವರಿಗಾಗಿ ಎಚ್ಚರಗೊಳ್ಳಿ ಎಂಬುದಷ್ಟೇ ಅವರ ಕೇಳಿಕೆ.

ಅದು ಯಾವುದೋ ದೇಶದ ಮಾತು ಎನ್ನುತ್ತೀರಾ? ಹಾಗಾದರೆ ನನ್ನ ಮನೆಯ ಮಾತನ್ನೇ ಹೇಳುತ್ತೇನೆ. 1998ರಲ್ಲಿ, ಇಲ್ಲಿ ಮನೆ ಕಟ್ಟಿಸಿದ ಹೊಸತರಲ್ಲಿ, ಕೂಸು ನೋಡಿಕೊಳ್ಳಲು ಹಳ್ಳಿಯಿಂದ ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಕರೆತಂದೆವು. ಅವಳ ಅಕ್ಕನ ಮದುವೆಗೆಂದು ಅಪ್ಪನಿಗೆ ನಾಲ್ಕು ಸಾವಿರ ಮುಂಗಡ ಕೊಟ್ಟಿದ್ದೆವು. ಸಂಬಳವೆಲ್ಲ ಆ ಸಾಲಕ್ಕೆ ವಜಾ. ನಾನು ಅವಳಿಗೆ ಲಂಗ ಹೊಲಿಸಿದೆ, ಸಂಜೆ ಅಕ್ಷರ ತಿದ್ದಿಸಿದೆ, ನೆಂಟರ ಮುಂದೆ “ಮನೆಮಗಳ ಹಾಗೆ” ಎಂದೆ. ದೀಪಾವಳಿಗೆ ಊರಿಗೆ ಹೋಗಿಬರುತ್ತೇನಮ್ಮ ಎಂದು ಅವಳು ಕೇಳಿದಾಗ ಮಾತ್ರ, “ಸಾಲ ಇನ್ನೂ ತೀರಿಲ್ಲವಲ್ಲೇ” ಎಂದೆ.

ಜೀತಪದ್ಧತಿ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ಜೀತದ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ ಎನ್ನುತ್ತದೆ ಅದು. ಶಾಲೆಯಲ್ಲಿ ಮಕ್ಕಳಿಗೆ ಆ ಪಾಠ ಮಾಡುತ್ತಿದ್ದವಳೂ ನಾನೇ. ಸಂಜೆ ಮನೆಗೆ ಬಂದು ಆ ಹುಡುಗಿಯ ಲೆಕ್ಕ ಬರೆಯುತ್ತಿದ್ದವಳೂ ನಾನೇ.

ನಾನು ತಿದ್ದಿಸಿದ ಅಕ್ಷರದಲ್ಲೇ ಅವಳು ನಾಳೆ ತನ್ನ ಕಥೆ ಬರೆದರೆ, ಅದರಲ್ಲಿ ನಾನು ಯಾರಾಗಿರುತ್ತೇನೆ? ಅವಳೂ ನಗುನಗುತ್ತಲೇ ಬರೆಯಬಹುದು. ಆಗ “ಸಿಟ್ಟೇ ಇಲ್ಲವಲ್ಲ” ಎನ್ನಲು ನನಗೆ ಬಾಯಿ ಬರುತ್ತದೆಯೆ?

ಆದ್ದರಿಂದ ಅಕ್ಕತಂಗಿಯರೆ, ‘ಪಾಪ’ ಎನ್ನುವುದನ್ನು ಬಿಡೋಣ. ಮನೆಗೆಲಸಕ್ಕೆ ಮಕ್ಕಳನ್ನು ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್‌ನಲ್ಲೇ ನಿಷೇಧಿಸಿದ್ದಾರೆ, ಇಟ್ಟುಕೊಳ್ಳಬೇಡಿ. ಕೆಲಸದಾಕೆಗೆ ಕಷ್ಟಕ್ಕೆ ಹಣ ಕೊಟ್ಟರೆ ಅದನ್ನು ಹಗ್ಗ ಮಾಡಿಕೊಳ್ಳಬೇಡಿ. ತಿಂಗಳ ಸಂಬಳ ಅವಳ ಕೈಗೇ ಬರಲಿ, ವಾರಕ್ಕೊಂದು ರಜೆ ಸಿಗಲಿ. ಇಷ್ಟು ಮಾಡಿ, ಆಮೇಲೆ ಮುಂದಿನ ತಿಂಗಳ ಪುಸ್ತಕ ತೆರೆಯೋಣ.